ತಂಪು ಪಾನೀಯದಲ್ಲಿ ಉಪ್ಪು ಎಷ್ಟಿದೆ? ಎರಡು ತಪ್ಪು ನಂಬಿಕೆಗಳು, ಒಂದು ನಿಜ



ಕಳೆದ ಮೇ ತಿಂಗಳಿನ ಒಂದು ಭಾನುವಾರ. ಬಲಿಪೂಜೆ ಮುಗಿಸಿ ನಾವು ಪೂಜಾವಸ್ತ್ರಗಳನ್ನು ತೆಗೆದಿಡುತ್ತಿದ್ದೆವು. ಮಾಲಗಾಂವದ ಕಡೆಯ ಒಬ್ಬ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತರು. ದ್ರಾಕ್ಷಿ ತೋಟದ ಕೂಲಿಗೆ ಹೋಗುವ ಕುಟುಂಬ ಅದು. ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಎರಡು ದಿನದಿಂದ ಭೇದಿ. ಕಣ್ಣುಗಳು ಒಳಗೆ ಹೋಗಿದ್ದವು. ತುಟಿಗಳು ಒಣಗಿ ಬಿರಿದಿದ್ದವು. ಮಗು ಅಳುತ್ತಿತ್ತು, ಆದರೆ ಕಣ್ಣಿನಲ್ಲಿ ನೀರಿರಲಿಲ್ಲ. ಹಣೆಗೆ ಶಿಲುಬೆಯ ಗುರುತು ಹಾಕಿ ಪ್ರಾರ್ಥನೆ ಮಾಡಿರೆಂದು ಕೇಳಲು ಆ ತಾಯಿ ಬಂದಿದ್ದರು.

"ಏನವ್ವ, ಕೂಸಿಗೆ ಏನೇನು ಕುಡಿಸೀರಿ?" ಎಂದು ಕೇಳಿದೆವು.

"ಥಂಡಾ ಕುಡಿಸೇನ್ರಿ ಫಾದರ್. ನೀರು ಕುಡಿಸಿದ್ರ ಕಕ್ಕೋತಿತ್ತು. ಥಂಡಾದಾಗ ಉಪ್ಪೂ ಇರತೈತಿ, ಸಕ್ಕರೀನೂ ಇರತೈತಿ, ಸಲಾಯನ್ ಇದ್ದಂಗ ಅಂತ ಓಣ್ಯಾಗ ಎಲ್ಲಾರೂ ಅಂದ್ರು. ನಿನ್ನೆಯಿಂದ ಎರಡು ಬಾಟ್ಲಿ ತಂದೇವ್ರಿ" ಎಂದರು ಆ ತಾಯಿ.

ಪ್ರಾರ್ಥನೆಯನ್ನು ದಾರಿಯಲ್ಲಿಯೇ ಮಾಡಿದೆವು. ಮಗುವನ್ನು ಜೀಪಿನಲ್ಲಿ ಹಾಕಿಕೊಂಡು ಮಿರಜಿಗೆ ಹೋದೆವು. ದೇವರ ದಯೆಯಿಂದ ಮತ್ತು ಅಲ್ಲಿಯ ವೈದ್ಯರ, ದಾದಿಯರ ಶ್ರಮದಿಂದ ಮಗು ಮೂರನೆಯ ದಿನ ತಾಯಿಯ ಹಾಲು ಕುಡಿದು ಮನೆಗೆ ಬಂತು. "ಇನ್ನು ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು" ಎಂದು ವೈದ್ಯರು ನಮಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

ಅದೇ ತಿಂಗಳು ಮಕ್ಕಳ ಪ್ರಥಮ ಪರಮಪ್ರಸಾದ ಸ್ವೀಕಾರದ ಹಬ್ಬವಿತ್ತು. ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ ಹುಡುಗರು ತಂಪು ಪಾನೀಯದ ಬಾಟಲಿ ತಂದುಕೊಟ್ಟರು. ಅವರು ಕೈಯಡ್ಡ ಹಿಡಿದು, "ನನಗ ಬ್ಯಾಡಪಾ, ಬಿ.ಪಿ. ಐತಿ. ಅದರಾಗ ಸೋಡಿಯಂ ಭಾಳ ಇರತೈತಿ" ಎಂದರು. ಹಾಗೆ ಹೇಳಿ, ಎಲೆಯಲ್ಲಿದ್ದ ಮಾವಿನ ಉಪ್ಪಿನಕಾಯಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಮೇಲೆ ಮೂರು ಹಪ್ಪಳ!

ನಮಗೆ ಆಗ ನಗುವೂ ಬಂತು, ಚಿಂತೆಯೂ ಆಯಿತು. ಬಾಟಲಿ ಒಂದೇ. ಆ ತಾಯಿ ಅದರಲ್ಲಿ ಉಪ್ಪಿದೆ ಎಂದು ನಂಬಿ ಮಗುವಿಗೆ ಕುಡಿಸಿದರು. ಈ ಹಿರಿಯರು ಅದರಲ್ಲಿ ಉಪ್ಪಿದೆ ಎಂದು ಹೆದರಿ ದೂರ ತಳ್ಳಿದರು. ಇಬ್ಬರ ನಂಬಿಕೆಯೂ ತಪ್ಪು. ಒಂದು ತಪ್ಪು ಮಗುವಿನ ಜೀವಕ್ಕೆ ಎರವಾಗುವುದರಲ್ಲಿತ್ತು, ಇನ್ನೊಂದು ಹಿರಿಯರ ಹೃದಯಕ್ಕೆ ನಿಧಾನವಾಗಿ ಎರವಾಗುತ್ತಿದೆ. ಆದ್ದರಿಂದ ಈ ತಿಂಗಳ ನಮ್ಮ ಅಂಕಣವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ರೈತನಿಗೆ ಪರಿಚಯವಿರುವ ಸೋಡಿಯಂ

ಸೋಡಿಯಂ ಎಂಬ ಹೆಸರು ನಮ್ಮ ಸಾಂಗ್ಲಿ–ಮಿರಜ ಭಾಗದ ರೈತರಿಗೆ ಹೊಸದಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ, ಬೋರ್‌ವೆಲ್ ನೀರಿನ ಪರೀಕ್ಷೆಯ ಚೀಟಿಯಲ್ಲಿ ಈ ಹೆಸರನ್ನು ಓದಿ ಎದೆ ಧಸಕ್ಕೆಂದವರು ಬಹಳ ಮಂದಿ ಇದ್ದಾರೆ. ಕೃಷ್ಣಾ ನದಿಯ ದಂಡೆಯಲ್ಲಿ ಕಬ್ಬಿಗೆ ಲೆಕ್ಕವಿಲ್ಲದೆ ನೀರು ಹಾಯಿಸಿ ಎಷ್ಟೋ ಎಕರೆ ಕಪ್ಪು ಭೂಮಿ ಸವುಳಾಗಿ ಹೋದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಮಣ್ಣಿನಲ್ಲಿ ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಉಬ್ಬಿ ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಕೆಳಗೆ ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಜಿಪ್ಸಂ ಹಾಕಿದರೆ ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ್ನು ಕಣಗಳಿಂದ ಬಿಡಿಸುತ್ತದೆ. ಆದರೆ ಬಿಡಿಸಿದ ಸೋಡಿಯಂ ಹೊರಗೆ ಹೋಗಲು ಬಸಿಗಾಲುವೆ ಇರಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿ ಫಲವಿಲ್ಲ.

ಮನುಷ್ಯನ ದೇಹದಲ್ಲಿಯೂ ಹೀಗೆಯೇ. ಮೂತ್ರಪಿಂಡಗಳೇ ನಮ್ಮ ಬಸಿಗಾಲುವೆ. ಊಟದಲ್ಲಿ ಬಂದ ಸೋಡಿಯಂನಲ್ಲಿ ದೇಹಕ್ಕೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಅವು ಹೊರಗೆ ಹಾಕುತ್ತವೆ. ವರ್ಷಾನುಗಟ್ಟಲೆ ಅತಿಯಾಗಿ ಉಪ್ಪು ತಿಂದರೆ ರಕ್ತದೊತ್ತಡ ಏರುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳ ಭಯ ಹೆಚ್ಚುತ್ತದೆ. ಹಾಗೆಂದು ಸೋಡಿಯಂ ವಿಷವಲ್ಲ. ಅದು ಇಲ್ಲದಿದ್ದರೆ ನರಗಳು, ಸ್ನಾಯುಗಳು ಕೆಲಸ ಮಾಡಲಾರವು. ರಕ್ತದಲ್ಲಿ ನೀರು ನಿಲ್ಲಲಾರದು. ಆದ್ದರಿಂದ ಯಾವ ಪದಾರ್ಥದಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಬೇಕು ಎಂಬ ಲೆಕ್ಕವೇ ಇಲ್ಲಿ ಮುಖ್ಯ.

ಲೆಕ್ಕ ಸುಲಭವಿದೆ. ದೊಡ್ಡವರು ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ 5 ಗ್ರಾಂ ಉಪ್ಪು, ಹೆಚ್ಚುಕಡಿಮೆ ಒಂದು ಸಮ ಚಹಾ ಚಮಚ. ಉಪ್ಪಿನ ತೂಕದಲ್ಲಿ ಐದರಲ್ಲಿ ಎರಡು ಪಾಲು ಮಾತ್ರ ಸೋಡಿಯಂ, ಉಳಿದದ್ದು ಕ್ಲೋರಿನ್. ಆದ್ದರಿಂದ ಪೊಟ್ಟಣದ ಮೇಲೆ ಬರೆದ ಸೋಡಿಯಂನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ.

"ಸೋಡಾ" ಎಂಬ ಹೆಸರಿನ ಗೊಂದಲ

ತಪ್ಪು ನಂಬಿಕೆಯ ಮೂಲ ಬಹುಶಃ ಹೆಸರಿನಲ್ಲಿಯೇ ಇದೆ. ಸೋಡಾ ಎಂದರೆ ಸೋಡಿಯಂ ಎಂದು ಜನ ತಿಳಿಯುತ್ತಾರೆ. ಇದರ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪ್ರೊಟೆಸ್ಟಂಟ್ ಬೋಧಕರಿದ್ದರು. ಅವರ ಮನೆಯ ಪಕ್ಕದಲ್ಲಿ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಅಲ್ಲಿಯ ತೊಟ್ಟಿಗಳ ಮೇಲೆ ನಿಲ್ಲುವ ಅನಿಲವನ್ನು ನೀರಿನಲ್ಲಿ ಬೆರೆಸಿದಾಗ ನೀರಿಗೆ ಚುರುಚುರು ರುಚಿ ಬಂತು. 1772ರಲ್ಲಿ ಅವರು ಈ ವಿಧಾನವನ್ನು ಅಚ್ಚು ಹಾಕಿಸಿ ಎಲ್ಲರಿಗೂ ತಿಳಿಸಿದರು. ಆ ಅನಿಲವೇ ಇಂಗಾಲದ ಡೈಆಕ್ಸೈಡ್. ಅದರಲ್ಲಿ ಸೋಡಿಯಂ ಒಂದು ಕಣವೂ ಇಲ್ಲ.

ಮುಂದೆ ಹೊಟ್ಟೆನೋವಿಗೆ, ಹುಳಿತೇಗಿಗೆ ಔಷಧಿಯಾಗಿ ಮಾರುವಾಗ ಕೆಲವರು ಈ ನೀರಿಗೆ ಸೋಡಾ ಉಪ್ಪು ಬೆರೆಸತೊಡಗಿದರು. ಹೀಗೆ "ಸೋಡಾ ವಾಟರ್" ಎಂಬ ಹೆಸರು ಬಂತು. ಉಪ್ಪು ಬೆರೆಸುವುದು ನಿಂತ ಮೇಲೂ ಹೆಸರು ಉಳಿಯಿತು. ಸೋಡಿಯಂ ಎಂಬ ಹೆಸರಾದರೋ ಇದರ ನಂತರದ್ದು. 1807ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಕಾಸ್ಟಿಕ್ ಸೋಡಾದಿಂದ ವಿದ್ಯುತ್ತಿನ ಸಹಾಯದಿಂದ ಈ ಲೋಹವನ್ನು ಬೇರ್ಪಡಿಸಿ ಸೋಡಿಯಂ ಎಂದು ಕರೆದರು. ಅಂದರೆ ಸೋಡಾದಿಂದ ಸೋಡಿಯಂಗೆ ಹೆಸರು ಬಂದಿದೆಯೇ ಹೊರತು, ಸೋಡಿಯಂ ಇದೆಯೆಂದು ಬಾಟಲಿಗೆ ಸೋಡಾ ಎಂಬ ಹೆಸರು ಬಂದದ್ದಲ್ಲ.

ಅಡುಗೆ ಸೋಡಾದ ಮಾತು ಬೇರೆ. ಅದು ಸೋಡಿಯಂ ಬೈಕಾರ್ಬೊನೇಟ್. ಅದರ ತೂಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಸೋಡಿಯಂ ಇದೆ. ಒಂದು ಚಹಾ ಚಮಚದಲ್ಲಿ 1200 ಮಿಲಿಗ್ರಾಂ ದಾಟುತ್ತದೆ. ಊಟವಾದ ಮೇಲೆ ಹೊಟ್ಟೆ ಉಬ್ಬರವೆಂದು ಅಡುಗೆ ಸೋಡಾ ಕಲಸಿ ಕುಡಿಯುವವರು, ನೊರೆ ಬರುವ ಪುಡಿಯ ಪೊಟ್ಟಣವನ್ನು ದಿನವೂ ಒಡೆಯುವವರು ಇದನ್ನು ಗಮನಿಸಬೇಕು. ಆ ಪುಡಿಗಳೂ ಬಹುತೇಕ ಅಡುಗೆ ಸೋಡಾದವೇ. ರಕ್ತದೊತ್ತಡ ಇದ್ದವರಿಗೆ ಇವು ತಂಪು ಪಾನೀಯಕ್ಕಿಂತ ಎಷ್ಟೋ ಪಾಲು ಹೆಚ್ಚು ಉಪ್ಪಿನ ಹೊರೆ ಹೊರಿಸುತ್ತವೆ.

ಬಾಟಲಿಯ ಬಗೆಗಿನ ತಪ್ಪು ಕಲ್ಪನೆಗಳು

ಒಂದನೆಯದು: "ತಂಪು ಪಾನೀಯದಲ್ಲಿ ಬಹಳ ಉಪ್ಪಿದೆ."

ಇದು ನಿಜವಲ್ಲ. ಸಾಮಾನ್ಯ ಕೋಲಾ, ಕಿತ್ತಳೆ ಅಥವಾ ಲಿಂಬೆ ರುಚಿಯ ಪಾನೀಯದ 330 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ ಸುಮಾರು 10ರಿಂದ 50 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಂದು ದೊಡ್ಡ ಲೋಟ ಆಕಳ ಹಾಲಿನಲ್ಲಿ ಸ್ವಾಭಾವಿಕವಾಗಿಯೇ ಇದಕ್ಕಿಂತ ಹೆಚ್ಚು ಇದೆ, ಸುಮಾರು 100 ಮಿಲಿಗ್ರಾಂ. ಹಾಲು ಕುಡಿದರೆ ಬಿ.ಪಿ. ಏರುತ್ತದೆಂದು ನಾವು ಯಾರೂ ಹೆದರುವುದಿಲ್ಲ.

ಎರಡನೆಯದು: "ಮತ್ತೆ ಮತ್ತೆ ಬಾಯಾರಲಿ ಎಂದು ಕಂಪನಿಯವರು ಉಪ್ಪು ಹಾಕಿ, ಅದು ಗೊತ್ತಾಗದಂತೆ ಸಕ್ಕರೆ ಸುರಿಯುತ್ತಾರೆ."

ಈ ಮಾತನ್ನು ಓದಿದವರ ಬಾಯಲ್ಲಿಯೂ ಕೇಳಿದ್ದೇವೆ. ಇಷ್ಟು ಅಲ್ಪ ಉಪ್ಪಿನಿಂದ ಬಾಯಾರಿಕೆ ಬರುವುದಿಲ್ಲ. ಆದರೆ ಸಿಹಿ ಪಾನೀಯ ಕುಡಿದ ಮೇಲೂ ಬಾಯಿ ಒಣಗಿದಂತೆ ಎನಿಸುವುದು ಸುಳ್ಳಲ್ಲ. ಅದು ಸಕ್ಕರೆಯ ಕೆಲಸ. ಪಾಕದಂತೆ ದಟ್ಟವಾದ ಸಕ್ಕರೆ ಬಾಯಿಯಲ್ಲಿ ಅಂಟಾಗಿ ಉಳಿಯುತ್ತದೆ. ಕಂಪನಿಯವರಿಗೆ ಉಪ್ಪಿನ ಉಪಾಯ ಬೇಕಾಗಿಯೇ ಇಲ್ಲ. ಸಿಹಿ ಒಮ್ಮೆ ನಾಲಿಗೆಗೆ ಹತ್ತಿದರೆ ಮಕ್ಕಳು ತಾವಾಗಿಯೇ ಮತ್ತೆ ಕೇಳುತ್ತಾರೆ.

ಮೂರನೆಯದು: "ಲೇಬಲ್ ಮೇಲೆ ಸೋಡಿಯಂ ಬೆಂಜೊಯೇಟ್, ಸೋಡಿಯಂ ಸಿಟ್ರೇಟ್ ಎಂದು ಬರೆದಿದೆ, ಆದ್ದರಿಂದ ಅದು ಉಪ್ಪುನೀರೇ."

ಬೆಂಜೊಯೇಟ್ ಎಂಬುದು ಪಾನೀಯ ಕೆಡದಂತೆ ಹಾಕುವ ಪದಾರ್ಥ. ಅದರ ತೂಕದ ಆರನೆಯ ಒಂದು ಪಾಲು ಮಾತ್ರ ಸೋಡಿಯಂ. ಒಂದು ಲೀಟರಿಗೆ 150 ಮಿಲಿಗ್ರಾಂ ಬೆಂಜೊಯೇಟ್ ಹಾಕಿದ್ದಾರೆಂದು ಇಟ್ಟುಕೊಳ್ಳೋಣ. ಅದರಿಂದ ಬರುವ ಸೋಡಿಯಂ ಸುಮಾರು 24 ಮಿಲಿಗ್ರಾಂ. ಸಕ್ಕರೆ ಇಲ್ಲದ ಡಯಟ್ ಪಾನೀಯಗಳಲ್ಲಿ ಬಳಸುವ ಸೋಡಿಯಂ ಸ್ಯಾಕರಿನ್ ಕೂಡ ಹೀಗೆಯೇ. ಹೆಸರಿನಲ್ಲಿ ಸೋಡಿಯಂ ದೊಡ್ಡದಾಗಿ ಕಂಡರೂ ಬಾಟಲಿಯಲ್ಲಿ ಅದು ಚಿಕ್ಕದು.

ನಾಲ್ಕನೆಯದು: "ಕಾಳಾ ನಮಕ, ಸೈಂಧವ ಉಪ್ಪು ಹಾಕಿದ ಮಸಾಲಾ ಸೋಡಾ ದೇಹಕ್ಕೆ ತಂಪು, ಅದರಲ್ಲಿ ಸೋಡಿಯಂ ಇಲ್ಲ."

ಇದು ಎಲ್ಲಕ್ಕಿಂತ ಹೆಚ್ಚು ಮೋಸದ ಕಲ್ಪನೆ. ಕಾಳಾ ನಮಕವಿರಲಿ, ಸೈಂಧವವಿರಲಿ, ಹರಳುಪ್ಪಿರಲಿ, ಎಲ್ಲವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಬಣ್ಣ, ವಾಸನೆ ಬೇರೆ ಅಷ್ಟೇ. ಗಾಡಿಯವನು ಲಿಂಬೆ ಹಿಂಡಿ, ಎರಡು ಚಿಟಿಕೆ ಉಪ್ಪು ಹಾಕಿ, ಸೋಡಾ ಸುರಿದು ನೊರೆ ಎಬ್ಬಿಸಿ ಕೊಡುತ್ತಾನೆ. ಆ ಉಪ್ಪು 1 ಗ್ರಾಂ ಇದ್ದರೂ ಸುಮಾರು 400 ಮಿಲಿಗ್ರಾಂ ಸೋಡಿಯಂ ಆಯಿತು. ಕೋಲಾ ಬೇಡವೆಂದು ಮಸಾಲಾ ಸೋಡಾ ಕುಡಿದ ಬಿ.ಪಿ. ರೋಗಿ ಹತ್ತು ಪಟ್ಟು ಹೆಚ್ಚು ಉಪ್ಪು ಕುಡಿದಂತಾಯಿತು! ಜೀರಿಗೆ ಮಸಾಲೆಯ ಪಾನೀಯಗಳು, ಪೊಟ್ಟಣದ ಮಸಾಲಾ ಮಜ್ಜಿಗೆ, ಆಟಗಾರರಿಗೆಂದು ಮಾರುವ ಪಾನೀಯಗಳು ಇವುಗಳಲ್ಲಿಯೂ ಉಪ್ಪು ಬೇಕೆಂದೇ ಹಾಕಿರುತ್ತಾರೆ. 2020ರ ಲೇಬಲ್ ನಿಯಮಗಳು ಪೊಟ್ಟಣದ ಆಹಾರದ ಮೇಲೆ ಸೋಡಿಯಂ ಎಷ್ಟಿದೆ ಎಂದು ಮಿಲಿಗ್ರಾಂನಲ್ಲಿ ತೋರಿಸಬೇಕೆಂದು ಹೇಳುತ್ತವೆ. ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಅದನ್ನು ಓದಿಸಿರಿ.

ಹಾಗಾದರೆ ತಂಪು ಪಾನೀಯ ನಿರ್ದೋಷಿಯೇ?

ಖಂಡಿತ ಅಲ್ಲ. ಉಪ್ಪಿನ ದೋಷ ಅದಕ್ಕಿಲ್ಲ, ಸಕ್ಕರೆಯ ದೋಷ ಇದೆ. ಅದೇ 330 ಮಿಲಿಲೀಟರಿನ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇದೆ. ಅಂದರೆ ಏಳೆಂಟು ಚಹಾ ಚಮಚ. ಮನೆಯಲ್ಲಿ ಒಂದು ಲೋಟ ಚಹಕ್ಕೆ ಎಂಟು ಚಮಚ ಸಕ್ಕರೆ ಹಾಕಿದರೆ ಅತ್ತೆ ಸೊಸೆಯನ್ನು ಸುಮ್ಮನೆ ಬಿಟ್ಟಾರೆಯೇ? ದಿನದ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ದಿನವೂ ಈ ಪಾನೀಯ ಕುಡಿಯುವವರಲ್ಲಿ ಹಲ್ಲು ಹುಳುಕು, ಬೊಜ್ಜು, ಸಕ್ಕರೆ ಕಾಯಿಲೆ ಹೆಚ್ಚು. ಬೊಜ್ಜು ಬಂದ ಮೇಲೆ ಬಿ.ಪಿ.ಯೂ ಹಿಂದೆಯೇ ಬರುತ್ತದೆ. ಆದ್ದರಿಂದ ಆ ಹಿರಿಯರು ಬಾಟಲಿಯನ್ನು ದೂರವಿಟ್ಟದ್ದು ಒಳ್ಳೆಯದೇ ಆಯಿತು, ಆದರೆ ಕಾರಣ ತಪ್ಪು. ಕಾರಣ ತಪ್ಪಾದುದರಿಂದಲೇ ನಿಜವಾದ ಉಪ್ಪು ಅವರ ಎಲೆಯಲ್ಲಿ ಉಳಿಯಿತು.

ಮಗುವಿಗೆ ಥಂಡಾ ಏಕೆ ಸಲಾಯನ್ ಆಗಲಾರದು?

ಈಗ ಮೊದಲು ಹೇಳಿದ ತಾಯಿಯ ವಿಷಯಕ್ಕೆ ಬರೋಣ. ಇದನ್ನು ಎಲ್ಲ ತಾಯಂದಿರು, ಅಜ್ಜಿಯರು ಮನಸ್ಸಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಭೇದಿಯಾದಾಗ ದೇಹದಿಂದ ನೀರಿನ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ ಎರಡೂ ಹೊರಗೆ ಹೋಗುತ್ತವೆ. ಬರೀ ನೀರು ಕೊಟ್ಟರೆ ಹೋದ ಉಪ್ಪು ತುಂಬುವುದಿಲ್ಲ. ಕರುಳಿನ ಗೋಡೆಯಲ್ಲಿ ದೇವರು ಒಂದು ಅದ್ಭುತ ವ್ಯವಸ್ಥೆ ಇಟ್ಟಿದ್ದಾರೆ. ಅಲ್ಲಿ ಸಕ್ಕರೆ ಮತ್ತು ಸೋಡಿಯಂ ಜೋಡಿ ಎತ್ತುಗಳಂತೆ ಒಂದೇ ನೊಗಕ್ಕೆ ಹೆಗಲು ಕೊಟ್ಟು ಒಳಗೆ ಹೋಗುತ್ತವೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಭೇದಿ ಜೋರಾಗಿರುವಾಗಲೂ ಈ ದಾರಿ ಮುಚ್ಚುವುದಿಲ್ಲ. ಒಂದೇ ಎತ್ತು ಕಟ್ಟಿದರೆ ಬಂಡಿ ಸಾಗುವುದಿಲ್ಲ. ಎರಡೂ ಬೇಕು, ಅಳತೆಯಲ್ಲಿ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದ ಓ.ಆರ್.ಎಸ್. ಒಂದು ಲೀಟರ್ ನೀರಿನಲ್ಲಿ ಸುಮಾರು 1700 ಮಿಲಿಗ್ರಾಂ ಸೋಡಿಯಂ, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಜೊತೆಗೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಒಂದು ಲೀಟರ್ ಕೋಲಾದಲ್ಲಿಯೋ ಸೋಡಿಯಂ ಸುಮಾರು 100 ಮಿಲಿಗ್ರಾಂ, ಸಕ್ಕರೆ 100 ಗ್ರಾಂ ದಾಟಿ, ಪೊಟ್ಯಾಸಿಯಂ ಇಲ್ಲವೆನ್ನುವಷ್ಟು. ಸೋಡಿಯಂ ಹದಿನೇಳನೆಯ ಒಂದು ಪಾಲು, ಸಕ್ಕರೆ ಏಳೆಂಟು ಪಟ್ಟು! ಇಷ್ಟು ದಟ್ಟವಾದ ಸಕ್ಕರೆ ಕರುಳಿಗೆ ಹೋದರೆ ಅದು ದೇಹದೊಳಗಿನ ನೀರನ್ನೇ ಕರುಳಿಗೆ ಸೆಳೆಯುತ್ತದೆ. ಉಪ್ಪು ಹಚ್ಚಿದ ಮಾವಿನ ಹೋಳು ನೀರು ಬಿಡುವಂತೆ, ದಟ್ಟ ಸಕ್ಕರೆಯೂ ನೀರನ್ನು ಹೊರಗೆ ಎಳೆಯುತ್ತದೆ. ಭೇದಿ ನಿಲ್ಲುವ ಬದಲು ಹೆಚ್ಚಾಗುತ್ತದೆ. ಆ ತಾಯಿ ಪ್ರೀತಿಯಿಂದ ಕುಡಿಸಿದ ಪ್ರತಿ ಗುಟುಕೂ ಮಗುವನ್ನು ಇನ್ನಷ್ಟು ಒಣಗಿಸುತ್ತಿತ್ತು.

ಓ.ಆರ್.ಎಸ್.ನ ಮಹಿಮೆ ಜಗತ್ತಿಗೆ ಗೊತ್ತಾದದ್ದು ನಮ್ಮ ದೇಶದ ನೆಲದಲ್ಲಿಯೇ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಬಂಗಾಳಕ್ಕೆ ಓಡಿ ಬಂದರು. ಬನಗಾಂವದ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲಾಯನ್ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಲೋಟದಲ್ಲಿ ತುಂಬಿಕೊಂಡು ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡ 4ಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಕೆಲವು ಗ್ರಾಂ ಉಪ್ಪು, ಸಕ್ಕರೆ, ಸೋಡಾ ಸರಿಯಾದ ಅಳತೆಯಲ್ಲಿ ಸೇರಿದಾಗ ಎಷ್ಟು ಜೀವ ಉಳಿಸಬಲ್ಲವು ನೋಡಿರಿ.

ಇನ್ನೊಂದು ಎಚ್ಚರಿಕೆ. ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡ ಸಿಹಿ ಪಾನೀಯಗಳು ಕಾಗದದ ಡಬ್ಬಿಗಳಲ್ಲಿ ಔಷಧಿ ಅಂಗಡಿಗೂ ಬಂದಿದ್ದವು. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದೆಂದು ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು. ಆದರೂ ಕೊಳ್ಳುವವರು ಎಚ್ಚರವಾಗಿರಬೇಕು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ ತೆಗೆದುಕೊಳ್ಳಿರಿ. ಹಣ್ಣಿನ ಚಿತ್ರ ನೋಡಿ ಮರುಳಾಗಬೇಡಿರಿ.

ಮನೆಯಲ್ಲಿ ಏನು ಮಾಡಬೇಕು?

ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಸ್ವಲ್ಪ ಪುಡಿಯನ್ನು ಅಂದಾಜಿನಿಂದ ಲೋಟಕ್ಕೆ ಹಾಕಬಾರದು. ಗಟ್ಟಿಯಾದರೆ ಅಪಾಯ, ತೆಳುವಾದರೆ ಫಲವಿಲ್ಲ. ಹಾಲು, ಹಣ್ಣಿನ ರಸ, ಥಂಡಾ ಇವುಗಳಲ್ಲಿ ಕಲಸಬಾರದು. ಕಲಸಿದ್ದು 24 ಗಂಟೆಯ ಮೇಲೆ ಉಳಿದರೆ ಚೆಲ್ಲಿ ಹೊಸದಾಗಿ ಮಾಡಬೇಕು.

ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು ಹಾಕಿ ಕರಗಿಸಿರಿ. ಸಮ ಚಮಚ ಎಂದರೆ ಗೋಪುರವಿಲ್ಲದಂತೆ ಬೆರಳಿನಿಂದ ಸವರಿದ ಚಮಚ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ನಿಧಾನವಾಗಿ ಮತ್ತೆ ಕೊಡಬೇಕು. ತಾಯಿಯ ಹಾಲು ನಿಲ್ಲಿಸಬಾರದು. ಗಂಜಿ, ಬೇಳೆಯ ಕಟ್ಟು, ಮಜ್ಜಿಗೆ ಎಲ್ಲವೂ ಒಳ್ಳೆಯದು. ಆರೋಗ್ಯ ಕೇಂದ್ರದಲ್ಲಿ ಕೊಡುವ ಸತುವಿನ ಗುಳಿಗೆಯನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿಯಾಗಿ ಕೊಡಬೇಕು. ಮಗು ಕುಡಿಯಲಾರದೆ ಹೋದರೆ, ಮಂಕಾಗಿ ಮಲಗಿದರೆ, ಕಣ್ಣು ಒಳಗೆ ಹೋದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಬಿಸಿಲಿನ ಕೆಲಸಗಾರರಿಗೆ ಒಂದು ಮಾತು

ಏಪ್ರಿಲ್ ಛಾಟಣಿಯ ದಿನಗಳಲ್ಲಿ ದ್ರಾಕ್ಷಿ ತೋಟದಲ್ಲಿ, ಒಣದ್ರಾಕ್ಷಿಯ ಶೆಡ್ಡುಗಳಲ್ಲಿ, ಎಲೆಬಳ್ಳಿಯ ತೋಟಗಳಲ್ಲಿ ನಮ್ಮ ಜನ ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತಾರೆ. ಬೆವರು ಬಾಯಿಗೆ ಬಂದಾಗ ಉಪ್ಪಾಗಿರುತ್ತದಲ್ಲವೇ? ಆ ಉಪ್ಪನ್ನು ತುಂಬಬೇಕು, ಆದರೆ ಥಂಡಾದಿಂದ ಅದು ತುಂಬುವುದಿಲ್ಲ. ಮಾಲಕರು ಮಧ್ಯಾಹ್ನ ಕೂಲಿಯವರಿಗೆ ದೊಡ್ಡ ಬಾಟಲಿ ತರಿಸಿ ಕೊಡುವುದನ್ನು ದೊಡ್ಡಸ್ತಿಕೆ ಎಂದು ತಿಳಿದಿದ್ದಾರೆ. ಅದೇ ಹಣದಲ್ಲಿ ಒಂದು ಕೊಡ ಮಜ್ಜಿಗೆಗೆ ಸ್ವಲ್ಪ ಉಪ್ಪು ಹಾಕಿ ಕೊಟ್ಟರೆ, ಜೋಳದ ಅಂಬಲಿ ಅಥವಾ ಉಪ್ಪು ಬೆರೆಸಿದ ಲಿಂಬು ಶರಬತ್ತು ಕೊಟ್ಟರೆ ನಿಜವಾದ ಉಪಕಾರವಾಗುತ್ತದೆ. ಜೊತೆಗೆ ಗಂಟೆಗೊಮ್ಮೆ ನೀರು, ಗಿಡದ ನೆರಳಿನಲ್ಲಿ ಸ್ವಲ್ಪ ವಿಶ್ರಾಂತಿ ಇರಲಿ. ಬಿಸಿಲಿನ ಹೊಡೆತಕ್ಕೆ ಯಾರಾದರೂ ಎಚ್ಚರ ತಪ್ಪಿ ಬಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿರಿ. ನೆರಳಿಗೆ ಎಳೆದು, ಮೈಗೆ ನೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ.

ಆದರೆ ರಕ್ತದೊತ್ತಡ, ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರು ಓ.ಆರ್.ಎಸ್.ನ್ನು ಶಕ್ತಿಯ ಪಾನೀಯವೆಂದು ದಿನವೂ ಕುಡಿಯಬಾರದು. ಒಂದು ಲೀಟರಿನಲ್ಲಿ ಸುಮಾರು ಇಡೀ ದಿನದ ಸೋಡಿಯಂ ಇದೆ ಎಂಬುದನ್ನು ಮೇಲೆ ಓದಿದಿರಿ. ಅವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಹಾಗಾದರೆ ನಮ್ಮ ಉಪ್ಪು ಎಲ್ಲಿದೆ?

ನಮ್ಮ ಅಡುಗೆಮನೆಯಲ್ಲಿ, ಬಂಧುಗಳೇ. ಭಾರತೀಯರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆಂದು ಐ.ಸಿ.ಎಂ.ಆರ್. ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳುತ್ತದೆ. ಬೇಕಾದದ್ದು 5 ಗ್ರಾಂ ಒಳಗೆ. ಒಂದು ದೊಡ್ಡ ಚಮಚ ಉಪ್ಪಿನಕಾಯಿಯಲ್ಲಿ 500 ಮಿಲಿಗ್ರಾಂ ಮೀರಿ ಸೋಡಿಯಂ ಇರಬಹುದು. ಒಂದೊಂದು ಹಪ್ಪಳದಲ್ಲಿ ಎರಡು ಮೂರು ಬಾಟಲಿ ಕೋಲಾದಷ್ಟು ಇದೆ, ಏಕೆಂದರೆ ಹಪ್ಪಳಕ್ಕೆ ಉಪ್ಪೂ ಬೀಳುತ್ತದೆ, ಪಾಪಡಖಾರವೂ ಬೀಳುತ್ತದೆ. ನಮ್ಮ ಸಾಂಗ್ಲಿಯ ಹೆಸರಾದ ಭಡಂಗ, ಚುರುಮುರಿ, ಫರಸಾಣ, ಶೇವು, ಬೇಕರಿಯ ಖಾರಿ, ರಂಜಕ, ಶೇಂಗಾ ಚಟ್ನಿ ಎಲ್ಲವೂ ಉಪ್ಪಿನ ಉಗ್ರಾಣಗಳೇ. ಊಟಕ್ಕೆ ಕುಳಿತಾಗ ತಾಟಿನ ಮೂಲೆಯಲ್ಲಿ ಬಡಿಸುವ ಉಪ್ಪನ್ನು ನಿಲ್ಲಿಸಿದರೇ ಅರ್ಧ ಯುದ್ಧ ಗೆದ್ದಂತೆ.

ಪ್ರತಿ ತಪಸ್ಸುಕಾಲದಲ್ಲಿ ಹಲವರು "ಫಾದರ್, ಈ ನಲವತ್ತು ದಿನ ಥಂಡಾ ಬಿಟ್ಟೇನಿ" ಎಂದು ನಮಗೆ ಹೇಳುತ್ತಾರೆ. ಒಳ್ಳೆಯ ತ್ಯಾಗ, ಬಿಡಬೇಡಿರಿ ಎನ್ನುವುದಿಲ್ಲ. ಬಿ.ಪಿ. ಇದ್ದವರು ಮುಂದಿನ ತಪಸ್ಸುಕಾಲದಲ್ಲಿ ಉಪ್ಪಿನಕಾಯಿ, ಹಪ್ಪಳಗಳನ್ನೂ ಬಿಟ್ಟು ನೋಡಿರಿ. ಮೊದಲ ವಾರ ಊಟ ಸಪ್ಪೆ ಎನಿಸುತ್ತದೆ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಈಸ್ಟರ್ ಹಬ್ಬದ ದಿನ ಹಳೆಯ ಉಪ್ಪಿನಕಾಯಿ ನಿಮಗೇ ಅತಿ ಉಪ್ಪೆನಿಸಿದರೆ ಆಶ್ಚರ್ಯಪಡಬೇಡಿರಿ. ವೈದ್ಯರು ಕೊಟ್ಟ ಗುಳಿಗೆಯನ್ನು ಮಾತ್ರ ನೀವಾಗಿಯೇ ಬಿಡಬಾರದು.

ಕೊನೆಯ ಮಾತು

ನಮ್ಮ ಧರ್ಮಸಭೆಯಲ್ಲಿ ಉಪ್ಪಿಗೆ ಗೌರವದ ಸ್ಥಾನವಿದೆ. ಪ್ರಭು ಯೇಸು ತಮ್ಮ ಶಿಷ್ಯರನ್ನು ಉಪ್ಪಿಗೆ ಹೋಲಿಸಿದರೆಂಬುದು ಸಂತ ಮತ್ತಾಯರ ಶುಭಸಂದೇಶದ 5ನೆಯ ಅಧ್ಯಾಯದಲ್ಲಿದೆ. 1969ರ ಸುಧಾರಣೆಗೆ ಮೊದಲಿನ ಲತೀನ್ ವಿಧಿಯಲ್ಲಿ ಜ್ಞಾನಸ್ನಾನಕ್ಕೆ ಬಂದ ಮಗುವಿನ ಬಾಯಿಗೆ ಗುರುಗಳು ಚೂರು ಉಪ್ಪು ಇಡುತ್ತಿದ್ದರು. ನಮ್ಮ ಹಿರಿಯರಲ್ಲಿ ಕೆಲವರಿಗೆ ಅದು ನೆನಪಿರಬಹುದು. ಇಡುತ್ತಿದ್ದುದು ಚೂರು ಮಾತ್ರ, ಹಿಡಿಯಲ್ಲ. ಭೂಮಿಗೆ ಅಳತೆ ಮೀರಿ ಬಂದ ಉಪ್ಪು ಬೆಳೆಯನ್ನು ಸುಡುತ್ತದೆ, ಎಲೆಗೆ ಅಳತೆ ಮೀರಿ ಬಂದ ಉಪ್ಪು ಹೃದಯವನ್ನು ಸುಡುತ್ತದೆ. ಭೇದಿಯಾದ ಕೂಸಿಗೆ ಅಳತೆಯಲ್ಲಿ ಸಿಗದ ಉಪ್ಪು ಅದರ ಜೀವಕ್ಕೇ ಎರವಾಗುತ್ತದೆ.

ಆದ್ದರಿಂದ ಇಷ್ಟನ್ನು ನೆನಪಿಡಿರಿ. ತಂಪು ಪಾನೀಯದಲ್ಲಿ ಹೆದರುವಷ್ಟು ಉಪ್ಪಿಲ್ಲ, ನಂಬುವಷ್ಟೂ ಉಪ್ಪಿಲ್ಲ. ಅದರಲ್ಲಿ ಇರುವುದು ಸಕ್ಕರೆ. ಬಿ.ಪಿ. ಇದ್ದವರು ಉಪ್ಪನ್ನು ತಮ್ಮ ಎಲೆಯಲ್ಲಿ ಹುಡುಕಿರಿ. ಭೇದಿಯಾದ ಮಗುವಿಗೆ ಉಪ್ಪನ್ನು ಓ.ಆರ್.ಎಸ್.ನಲ್ಲಿ ಕೊಡಿರಿ.

ಆ ತಾಯಿ ಕಳೆದ ವಾರ ಮಗುವನ್ನು ನಡೆಸಿಕೊಂಡು ಪೂಜೆಗೆ ಬಂದಿದ್ದರು. ಮಗು ಬೆಂಚಿನಿಂದ ಬೆಂಚಿಗೆ ಓಡಾಡಿ ಪ್ರಬೋಧನೆಗೆ ಅಡ್ಡಿ ಮಾಡಿತು. ನಮಗೆ ಸಿಟ್ಟು ಬರಲಿಲ್ಲ. ಓ.ಆರ್.ಎಸ್. ಪೊಟ್ಟಣಗಳನ್ನು ಧರ್ಮಕೇಂದ್ರದ ಕಚೇರಿಯಲ್ಲಿ ತಂದಿಟ್ಟಿದ್ದೇವೆ. ಚಿಕ್ಕ ಮಕ್ಕಳಿರುವ ಪ್ರತಿ ಮನೆಯವರೂ ಮುಂದಿನ ಭಾನುವಾರ ಪೂಜೆಯ ನಂತರ ಎರಡೆರಡು ಪೊಟ್ಟಣ ಒಯ್ದು ದೇವರ ಪಟದ ಹತ್ತಿರ ಇಡಿರಿ. ರಾತ್ರಿ ಹೊತ್ತು ಬೇಕಾದಾಗ ಹುಡುಕುವ ಕಷ್ಟ ತಪ್ಪುತ್ತದೆ.

ಪ್ರಭುವಿನ ಆಶೀರ್ವಾದ ನಿಮ್ಮ ಮನೆಯ ಮೇಲೆಯೂ ನಿಮ್ಮ ಹೊಲದ ಮೇಲೆಯೂ ಇರಲಿ.